ಇಟಲಿ ಕತ್ತಲಾದ ರಾತ್ರಿ: ಕರೆಂಟ್ ಮತ್ತು ಸಿಗ್ನಲ್‌ನ ನಂಟು

ಕರೆಂಟ್ ಹೋದ ತಕ್ಷಣ ನೀವೇನು ಮಾಡ್ತೀರಿ? ನಾನಂತೂ ಮೊಬೈಲ್ ಟಾರ್ಚ್ ಹಾಕ್ತೀನಿ, ಆಮೇಲೆ ಸಿಗ್ನಲ್ ಇದೆಯಾ ಅಂತ ನೋಡ್ತೀನಿ. ಕರೆಂಟ್‌ಗೂ ಸಿಗ್ನಲ್‌ಗೂ ಇರೋ ಈ ನಂಟೇ ಇವತ್ತಿನ ಕಥೆ.

2003ರ ಸೆಪ್ಟೆಂಬರ್ 27. ರೋಮ್ ನಗರದಲ್ಲಿ ‘ಬಿಳಿ ರಾತ್ರಿ’ ಉತ್ಸವ, ಜನ ಸರಿರಾತ್ರಿಯಲ್ಲೂ ಬೀದಿಯಲ್ಲೇ ಇದ್ದರು. ಬೆಳಗಿನ ಜಾವ 3:01ಕ್ಕೆ ಸ್ವಿಟ್ಜರ್ಲೆಂಡ್‌ನಲ್ಲಿ ಒಂದು ಹೈಟೆನ್ಷನ್ ಲೈನಿನಿಂದ ಮರಕ್ಕೆ ಕಿಡಿ ಹಾರಿ ಲೈನ್ ಟ್ರಿಪ್ ಆಯ್ತು. ಇಟಲಿಗೆ ಹೋಗೋ ಕರೆಂಟಿನ ಹೊರೆ ಉಳಿದ ಲೈನ್‌ಗಳ ಮೇಲೆ ಬಿತ್ತು. 3:11ಕ್ಕೆ ಸ್ವಿಸ್ ಕಂಟ್ರೋಲ್ ರೂಮ್‌ನವರು ಇಟಲಿಗೆ ಫೋನ್ ಮಾಡಿ, 300 ಮೆಗಾವ್ಯಾಟ್ ಕಡಿಮೆ ತಗೊಳ್ಳಿ ಅಂದರು. ಇಟಲಿಯವರು ಹತ್ತು ನಿಮಿಷದಲ್ಲಿ ಇಳಿಸಿದರು. ಸಾಲಲಿಲ್ಲ. 3:25ಕ್ಕೆ ಎರಡನೇ ಲೈನೂ ಹೋಯ್ತು. ಸ್ವಲ್ಪ ಹೊತ್ತಿನಲ್ಲೇ ಸಾರ್ಡಿನಿಯಾ ದ್ವೀಪ ಬಿಟ್ಟು ಇಡೀ ಇಟಲಿ ಕತ್ತಲು. 5 ಕೋಟಿಗೂ ಹೆಚ್ಚು ಜನ!

ಇಲ್ಲಿ ಕೈಕೊಟ್ಟಿದ್ದು ತಂತಿ ಮಾತ್ರ ಅಲ್ಲ, ಸಮಯ ಕೂಡ. ಸ್ಮಾರ್ಟ್ ಗ್ರಿಡ್ ಕೊಡೋ ಭರವಸೆಯೇ ಇದು: ಫೋನ್‌ಗೆ ಕಾಯಬೇಡಿ, ಸೆನ್ಸರ್ ಸುದ್ದಿ ಕೊಡುತ್ತೆ, ಕಂಪ್ಯೂಟರ್ ಸೆಕೆಂಡುಗಳಲ್ಲಿ ಹೊರೆ ಇಳಿಸುತ್ತೆ. ಆದ್ರೆ ಆ ಸುದ್ದಿ ಸಾಗಿಸೋ ಜಾಲಕ್ಕೂ ಕರೆಂಟ್ ಬೇಕಲ್ವಾ?

ಈ ಪ್ರಶ್ನೆಯನ್ನ ಸೆರ್ಗೆಯ್ ಬುಲ್ದಿರೆವ್, ಷ್ಲೋಮೊ ಹಾವ್ಲಿನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎತ್ತಿದರು. ನಮ್ಮ ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಇಟಲಿಯ ವಿದ್ಯುತ್ ಜಾಲ ಒಂದು ರಂಗೋಲಿ, ಇಂಟರ್ನೆಟ್ ಜಾಲ ಇನ್ನೊಂದು. ಪ್ರತಿ ಸರ್ವರನ್ನೂ ಹತ್ತಿರದ ವಿದ್ಯುತ್ ಕೇಂದ್ರಕ್ಕೆ ಜೋಡಿಸಿದರು. ಇಲ್ಲೊಂದು ಚುಕ್ಕಿ ಅಳಿಸಿದರೆ ಅಲ್ಲೊಂದು ಅಳಿಯುತ್ತೆ, ಅದರಿಂದ ಮತ್ತೆ ಇಲ್ಲಿ. ಒಂದೇ ಜಾಲವಾಗಿದ್ದರೆ, ಹತ್ತಾರು ಗೆರೆ ಸೇರೋ ದೊಡ್ಡ ಚುಕ್ಕಿಗಳು ಆಕಸ್ಮಿಕ ಪೆಟ್ಟಿನಿಂದ ಅದನ್ನ ಕಾಪಾಡುತ್ತವೆ. ಎರಡು ಜಾಲ ಬೆಸೆದಾಗ ಆ ದೊಡ್ಡ ಚುಕ್ಕಿಯೂ ಆಚೆಯ ಪುಟ್ಟ ಚುಕ್ಕಿಯೊಂದನ್ನ ನಂಬಿ ನಿಂತಿರಬಹುದು. ಬಲವೇ ದೌರ್ಬಲ್ಯ ಆಗಿಬಿಡುತ್ತೆ.

ಇದು ಸರಳ ಮಾದರಿ, ನಿಜ. ಕಂಟ್ರೋಲ್ ರೂಮ್‌ಗಳಲ್ಲಿ ಬ್ಯಾಟರಿ, ಜನರೇಟರ್ ಇರುತ್ತೆ. ಅದೇ ವರ್ಷ ಇದೇ ಗುಂಪಿನ ಇನ್ನೊಂದು ಲೇಖನ ಹೇಳಿದ್ದೂ ಅದನ್ನೇ: ಪರಸ್ಪರ ಅವಲಂಬನೆ ಕಡಿಮೆ ಮಾಡಿದರೆ ಜಾಲ ಒಮ್ಮೆಲೇ ಕುಸಿಯಲ್ಲ, ನಿಧಾನಕ್ಕೆ ಸೋಲುತ್ತೆ.

ನಮಗೇನು ಅಂತೀರಾ? 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದಾಗ ದಕ್ಷಿಣದ ಗ್ರಿಡ್ ಅದರ ಜೊತೆ ಒಂದೇ ತಾಳದಲ್ಲಿ ಬೆಸೆದಿರಲಿಲ್ಲ, ಕರ್ನಾಟಕ ಉಳಿಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಆ ಬೆಸುಗೆ ಹಾಕಿತು. ಈಗ ನಾವೂ ಅದೇ ರಂಗೋಲಿಯ ಚುಕ್ಕಿಗಳು. ಮನೆಗೆ ಸ್ಮಾರ್ಟ್ ಮೀಟರ್ ಬಂದಾಗ ಒಂದು ಪ್ರಶ್ನೆ ಕೇಳಿ: ಕರೆಂಟ್ ಹೋದ್ರೆ, ಸುದ್ದಿ ಮುಟ್ಟಿಸೋ ಟವರ್ ಎಷ್ಟು ಹೊತ್ತು ನಿಂತಿರುತ್ತೆ?

ಮತ್ತೆ ಸಿಗೋಣ.