ಒತ್ತಕ್ಷರದಿಂದ ಕಡತದವರೆಗೆ: ದಹಿಸರ್ ಕನ್ನಡಿಗರ ವಿನ್ಯಾಸ, ಛಾಯಾಗ್ರಹಣ, ಬ್ಲಾಗ್ ಬರವಣಿಗೆಗೆ ಒದಗುವ ಜಾಲ ಸಾಧನಗಳು

ಪಶ್ಚಿಮ ರೈಲ್ವೆಯಲ್ಲಿ ಬೊರಿವಲಿ ದಾಟಿದ ಮೇಲೆ, ಮೀರಾ ರೋಡ್‌ಗೆ ಮೊದಲು ಸಿಗುವ ದಹಿಸರ್ ಬೃಹನ್ಮುಂಬಯಿ ಮಹಾನಗರಪಾಲಿಕೆಯ ಉತ್ತರದ ಅಂಚು. ಚೆಕ್‌ನಾಕಾದಾಚೆ ಠಾಣೆ ಜಿಲ್ಲೆ. ಅವಿಭಜಿತ ದಕ್ಷಿಣ ಕನ್ನಡದಿಂದ ಬಂದ ತುಳು, ಕನ್ನಡ, ಕೊಂಕಣಿ ಮಾತಿನ ಕುಟುಂಬಗಳು ಇಲ್ಲಿ ನೆಲೆಯೂರಿ ದಶಕಗಳಾಗಿವೆ. ಬಂಟರ ಸಂಘ ಮುಂಬಯಿಯ ಜೋಗೇಶ್ವರಿ–ದಹಿಸರ್ ಪ್ರಾದೇಶಿಕ ಸಮಿತಿ, ದಹಿಸರ್–ಬೊರಿವಲಿಯ ಜಿ.ಎಸ್.ಬಿ. ಸಭಾ ಮೊದಲಾದ ಹೆಸರುಗಳೇ ಆ ನೆಲೆಗೆ ಸಾಕ್ಷಿ. ಸಂಘ ಎಂದ ಮೇಲೆ ಕಾರ್ಯಕ್ರಮ. ಕಾರ್ಯಕ್ರಮ ಎಂದ ಮೇಲೆ ಆಮಂತ್ರಣ, ಫೋಟೊ, ವರದಿ. ಹಿಂದೆ ಮುದ್ರಣಾಲಯ, ಸ್ಟುಡಿಯೊ, ಪತ್ರಿಕಾ ಕಚೇರಿ ಎಂದು ಮೂರು ಕಡೆ ಹಂಚಿಹೋಗಿದ್ದ ಈ ಕೆಲಸ ಈಗ ಬಹುಮಟ್ಟಿಗೆ ಒಬ್ಬ ಕಾರ್ಯಕರ್ತನ ಫೋನಿಗೆ ಬಂದು ಕೂತಿದೆ.

ಇಂಥವರಿಗಾಗಿ ‘ಉಪಯುಕ್ತ ಸಾಧನಗಳ’ ಪಟ್ಟಿಗಳು ಜಾಲದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಬಣ್ಣದ ಜೋಡಿ, ಉಚಿತ ಚಿತ್ರ, ಸಿದ್ಧ ನಮೂನೆಗಳ ಸುತ್ತಲೇ ಸುತ್ತುತ್ತವೆ. ಲಿಪಿಯ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ರೋಮನ್ ಲಿಪಿಯಲ್ಲಿ ಬರೆಯುವವರಿಗೆ ಆ ಪ್ರಶ್ನೆ ಇಲ್ಲದಿರುವುದರಿಂದ ಅದು ಸಹಜವೂ ಹೌದು. ಕನ್ನಡದಲ್ಲಿ ಬರೆಯುವ ಮುಂಬಯಿಯ ಬಳಕೆದಾರನಿಗೆ ಮಾತ್ರ ಒಂದು ಸಾಧನ ಉಪಯುಕ್ತವೋ ಅಲ್ಲವೋ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಟೈಪಿಸಿದ ಅಕ್ಷರ ಅದರಲ್ಲಿ ಕೆಡದೆ ಮೂಡುತ್ತದೆಯೇ, ಮೂಡಿದ ಮೇಲೂ ಅಕ್ಷರವಾಗಿಯೇ ಉಳಿಯುತ್ತದೆಯೇ? ಮಿಕ್ಕ ಸೌಲಭ್ಯಗಳೆಲ್ಲ ಇದರ ನಂತರ ಎಂಬುದು ಈ ಲೇಖನದ ವಾದ.

ಊರಿನ ಹೆಸರೇ ಒಡ್ಡುವ ಪರೀಕ್ಷೆ

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಸ್ಥಾನಗಳ ಕೋಷ್ಟಕ. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ‘ರಾಷ್ಟ್ರೀಯ’ದ ನಡುವಿನ ‘ಷ್ಟ್ರೀ’ ಕಂಪ್ಯೂಟರಿನ ಸ್ಮೃತಿಯಲ್ಲಿ ಷ, ಹಲಂತ, ಟ, ಹಲಂತ, ರ, ಈತ್ವ ಎಂಬ ಆರು ಸಂಕೇತಗಳ ಸಾಲು. ಇವನ್ನು ಒಂದರ ಕೆಳಗೊಂದು, ಪಕ್ಕಕ್ಕೊಂದು ಜೋಡಿಸುವ ಕೆಲಸ ಫಾಂಟಿನೊಳಗಿನ ನಿಯಮಗಳದ್ದು ಮತ್ತು ಆ ನಿಯಮಗಳನ್ನು ಓದಿ ಜಾರಿಗೊಳಿಸುವ ತಂತ್ರಾಂಶದ್ದು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಈ ಕೆಲಸವನ್ನು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳಲ್ಲಿ ಸದ್ದಿಲ್ಲದೆ ಮಾಡುತ್ತಿದೆ. ಈ ಪದರವಿಲ್ಲದ ವಿನ್ಯಾಸ ತಂತ್ರಾಂಶದಲ್ಲಿ ಒತ್ತುಗಳು ಬಿಡಿಬಿಡಿಯಾಗಿ, ಹಲಂತಗಳ ಮೆರವಣಿಗೆಯಾಗಿ ನಿಲ್ಲುತ್ತವೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಒಡೆಯುತ್ತದೆ ಎಂಬ ದೂರಿಗೆ ಕಾರಣ ಇದೇ. ಅದರ ಆದ್ಯತೆಗಳ ಪಟ್ಟಿಯಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆಯೇ ಪಠ್ಯಯಂತ್ರವಿತ್ತು; ಅದನ್ನು ಆರಿಸಿಕೊಳ್ಳದಿದ್ದರೆ ಎಷ್ಟು ಒಳ್ಳೆಯ ಫಾಂಟ್ ಹಾಕಿದರೂ ಅಕ್ಷರ ಕೂಡುತ್ತಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಊರಿನ ಹೆಸರಲ್ಲೇ ಇದೆ. ‘ದಹಿಸರ್’ ವ್ಯಂಜನದಲ್ಲಿ ಮುಗಿಯುತ್ತದೆ. ಅದಕ್ಕೆ ‘ನಲ್ಲಿ’ ಸೇರಿಸಿ ನೇರವಾಗಿ ಟೈಪಿಸಿದರೆ ರ-ಹಲಂತ-ನ ಎಂಬ ಸಾಲನ್ನು ತಂತ್ರಾಂಶ ಅರ್ಕಾವೊತ್ತು ಎಂದೇ ತಿಳಿದು ‘ದಹಿಸರ್ನಲ್ಲಿ’ ಎಂದು ಮೂಡಿಸುತ್ತದೆ. ಉಚ್ಚಾರ ಬದಲಾಗುವುದಿಲ್ಲ, ಆದರೆ ಊರಿನ ಕೊನೆಯಕ್ಷರ ಕಳಚಿ ವಿಭಕ್ತಿ ಪ್ರತ್ಯಯದ ಬೆನ್ನಿಗೆ ಅಂಟಿಕೊಳ್ಳುತ್ತದೆ. ‘ದಹಿಸರ್‌ನಲ್ಲಿ’ ಎಂದು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಯೂನಿಕೋಡ್‌ನಲ್ಲಿ 200ಸಿ ಎಂಬ ಸ್ಥಾನದಲ್ಲಿರುವ, ಅಗಲವಿಲ್ಲದ ಆ ಬೇರ್ಪಡಿಕೆ ಚಿಹ್ನೆಯ ಕೆಲಸ ‘ಇಲ್ಲಿ ಕೂಡಿಸಬೇಡ’ ಎಂದು ಹೇಳುವುದಷ್ಟೆ. ಅದರ ಪಕ್ಕದ 200ಡಿ ಸ್ಥಾನದ ಚಿಹ್ನೆ ‘ರ‍್ಯಾಲಿ’ಯ ರಕಾರವನ್ನು ಪೂರ್ತಿ ಉಳಿಸಿ ಯ-ಒತ್ತು ಕೊಡಲು ಬೇಕಾಗುತ್ತದೆ.

ಉಡುಪಿ, ಕಾರ್ಕಳ, ಕುಂದಾಪುರ ಎಂದು ಸ್ವರಾಂತ ಹೆಸರುಗಳ ನಾಡಿನಿಂದ ಬಂದವರು ದಾದರ್, ಮಲಾಡ್, ದಹಿಸರ್, ಭಾಯಂದರ್, ವಿರಾರ್ ಎಂಬ ವ್ಯಂಜನಾಂತ ನಿಲ್ದಾಣಗಳ ಹಾದಿಯಲ್ಲಿ ಬದುಕುತ್ತಾರೆ. ಹಾಗಾಗಿ ಮುಂಬಯಿಯ ಕನ್ನಡ ವರದಿಯಲ್ಲಿ ಈ ಕಾಣದ ಚಿಹ್ನೆಯ ಅಗತ್ಯ ಊರ ಕಡೆಯ ವರದಿಗಿಂತ ಹೆಚ್ಚು. ತುಳುವಿನಲ್ಲಂತೂ ಇನ್ನೂ ಹೆಚ್ಚು. ಪದಾಂತ್ಯದ ಅರೆ ಉಕಾರವನ್ನು ಕನ್ನಡ ಲಿಪಿಯಲ್ಲಿ ಹಲಂತದಿಂದ ಸೂಚಿಸುವುದು ರೂಢಿ. ‘ಮಲ್ತ್‌ದ್’, ‘ಪಂಡ್‌ದ್’ ಎಂಬ ರೂಪಗಳಲ್ಲಿ ಚಿಹ್ನೆ ಬಿದ್ದುಹೋದರೆ ‘ಮಲ್ತ್ದ್’, ‘ಪಂಡ್ದ್’ ಎಂಬ ಗಂಟುಗಳು ಉಳಿಯುತ್ತವೆ. ಅಚ್ಚುಮೊಳೆಯ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಮೊಳೆ ಜೋಡಿಸುವವನು ‘ರ್’ ಮೊಳೆ ಎತ್ತಿಟ್ಟು ಮುಂದಕ್ಕೆ ಹೋಗುತ್ತಿದ್ದ. ಪೇಜ್‌ಮೇಕರ್ ಕಾಲದ ಶ್ರೀಲಿಪಿ, ಆಕೃತಿ, ಹಳೆಯ ನುಡಿ ಮತ್ತು ಬರಹ ಫಾಂಟ್‌ಗಳಲ್ಲೂ ಇರಲಿಲ್ಲ, ಏಕೆಂದರೆ ಅವು ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟ್‌ಗಳು. ತೊಡಕು ಯೂನಿಕೋಡ್‌ನೊಂದಿಗೆ ಬಂತು. ಆದರೂ ಹಿಂದಕ್ಕೆ ಹೋಗುವುದು ಪರಿಹಾರವಲ್ಲ. ಹಳೆಯ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಸಿಗುತ್ತದೆ. ಅಂಥ ಕಡತಗಳನ್ನು ಬಿಡಿಸಿಕೊಳ್ಳಲು ಅರವಿಂದ ವಿ.ಕೆ. ಅವರ ಆಸ್ಕಿ–ಯೂನಿಕೋಡ್ ಪರಿವರ್ತಕವಿದೆ. ಸಂಘಗಳ ಹಳೆಯ ಸ್ಮರಣಸಂಚಿಕೆಗಳ ಡಿಟಿಪಿ ಪ್ರತಿಗಳು ಯಾರದಾದರೂ ಬೀರುವಿನ ಸೀಡಿಯಲ್ಲಿ ಉಳಿದಿದ್ದರೆ ಇದು ಮಾಡುವ ಉಪಕಾರ ಸಣ್ಣದಲ್ಲ. ಪರಿವರ್ತನೆಯಾದ ಮೇಲೆ ಊರಿನ ಹೆಸರುಗಳನ್ನು ಕಣ್ಣಿಟ್ಟು ನೋಡುವುದು ಒಳಿತು.

ಮುಂಬಯಿಯಲ್ಲೇ ಹುಟ್ಟಿದ ಅಕ್ಷರಗಳು

ಕನ್ನಡದ ಡಿಜಿಟಲ್ ಅಕ್ಷರಗಳ ಚರಿತ್ರೆಯಲ್ಲಿ ಮುಂಬಯಿಯ ಪಾಲು ದೊಡ್ಡದು. ನಮ್ಮ ಅಧ್ಯಯನಗಳು ಅದನ್ನು ಎತ್ತಿ ಹೇಳಿದ್ದು ಕಡಿಮೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಟಾಟಾ ಪ್ರೆಸ್‌ಗಳಲ್ಲಿ ಕೆಲಸ ಮಾಡಿದವರು. ಧ್ವನಿಯನ್ನು ಅನುಸರಿಸುವ ಅವರ ಕೀಲಿಮಣೆ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸಕ್ಕೆ ತಳಹದಿಯಾಯಿತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ವಿಂಡೋಸ್‌ನೊಂದಿಗೆ ಬಂದು ಬಹುಕಾಲ ನಮ್ಮ ಪರದೆಗಳನ್ನು ಆಳಿದ ತುಂಗಾ ಫಾಂಟ್ ರೂಪುಗೊಂಡದ್ದು ಮುಂಬಯಿಯ ಅಕ್ಷರಶಿಲ್ಪಿ ಆರ್.ಕೆ. ಜೋಶಿ ಅವರ ನಿರ್ದೇಶನದಲ್ಲಿ.

ಇಂದಿನ ದಹಿಸರ್ ಸಂಘಗಳಿಗೆ ಎಲ್ಲಕ್ಕಿಂತ ನೇರವಾಗಿ ಒದಗುವುದು ಮುಂಬಯಿಯದೇ ಆದ ಏಕ್ ಟೈಪ್ ಬಳಗದ ಕೆಲಸ. ಬಾಲೂ ಎಂಬ ಕುಟುಂಬದಲ್ಲಿ ಕನ್ನಡದ ರೂಪಕ್ಕೆ ‘ಬಾಲೂ ತಮ್ಮ’ ಎಂದು ಹೆಸರು. 2022ರಲ್ಲಿ ಹೊರಬಂದ ‘ಅನೇಕ್’ ಕುಟುಂಬದ ಕನ್ನಡ ಅಕ್ಷರಗಳನ್ನು ವಿನ್ಯಾಸಗೊಳಿಸಿದವರು ವೈಷ್ಣವಿ ಮೂರ್ತಿ. ಇವೆರಡೂ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಫಾಂಟ್ ಪರವಾನಗಿಯಡಿ ಸಿಗುತ್ತವೆ. ಮುದ್ರಿಸಬಹುದು, ಜಾಲತಾಣದಲ್ಲಿ ಹುದುಗಿಸಬಹುದು, ತಿದ್ದಲೂಬಹುದು. ದಹಿಸರ್‌ನ ಆಮಂತ್ರಣ ಒಂದೇ ಲಿಪಿಯಲ್ಲಿ ಮುಗಿಯುವುದು ಅಪರೂಪ. ಸಂಘದ ಹಿರಿಯರಿಗೆ ಕನ್ನಡ, ನಗರಸೇವಕರಿಗೂ ನೆರೆಯವರಿಗೂ ಮರಾಠಿ, ಮಕ್ಕಳಿಗೆ ಇಂಗ್ಲಿಷ್. ಮೂರು ಲಿಪಿಗೆ ಮೂರು ಕಡೆಯ ಫಾಂಟ್ ತಂದರೆ ಒಂದು ದಪ್ಪ, ಒಂದು ಸಣಕಲು, ಒಂದು ಎತ್ತರ ಎಂದು ಹಾಳೆ ಸಂತೆಯಾಗುತ್ತದೆ. ಅನೇಕ್‌ನಲ್ಲಿ ಕನ್ನಡ, ದೇವನಾಗರಿ, ರೋಮನ್ ಒಂದೇ ಅಳತೆಗೆ ಹೊಂದುವಂತೆ ರೂಪುಗೊಂಡಿವೆ. ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ಮುಖ್ಯ ಅತಿಥಿಗಳ ಬಿರುದುಬಾವಲಿಗಳ ಉದ್ದ ಬಲ್ಲವರಿಗೆ ಇದರ ಬೆಲೆ ಗೊತ್ತು. ದೀರ್ಘ ಓದಿಗೆ, ಉದಾಹರಣೆಗೆ ಸ್ಮರಣಸಂಚಿಕೆಯ ಒಳಪುಟಗಳಿಗೆ, ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮಾಡಿದ ವಿನ್ಯಾಸದಿಂದ ಬಂದ ‘ಟೀರೋ ಕನ್ನಡ’ ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ.

ವಿನ್ಯಾಸದ ತಾಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾನ್ವಾ ಎಲ್ಲರ ಕೈಯಲ್ಲಿದೆ. ಬ್ರೌಸರಿನಲ್ಲೇ ನಡೆಯುವ ಫೋಟೊಪೀ ಫೋಟೊಶಾಪ್ ಕಡತಗಳನ್ನು ತೆರೆಯುತ್ತದೆ, ಕಡತ ನಮ್ಮ ಯಂತ್ರದಲ್ಲೇ ಇರುತ್ತದೆ. ಇಂಕ್‌ಸ್ಕೇಪ್ ಮತ್ತು ಗಿಂಪ್ ಮುಕ್ತ ತಂತ್ರಾಂಶಗಳು, ಕನ್ನಡವನ್ನು ಸರಿಯಾಗಿ ಕೂಡಿಸುತ್ತವೆ. ಯಾವುದನ್ನೇ ಹಿಡಿಯುವ ಮೊದಲು ‘ದಹಿಸರ್‌ನಲ್ಲಿ ರಾಷ್ಟ್ರೀಯ ರ‍್ಯಾಲಿ’ ಎಂದು ಟೈಪಿಸಿ ನೋಡಿದರೆ ಸಾಕು, ಅದರ ಯೋಗ್ಯತೆ ಬಯಲಾಗುತ್ತದೆ.

ಅಕ್ಷರ ಚಿತ್ರವಾದಾಗ

ಆಮಂತ್ರಣ ಸಿದ್ಧವಾಯಿತು, ಜೆಪೆಗ್ ಆಗಿ ವಾಟ್ಸಾಪ್ ಗುಂಪಿಗೆ ಹೋಯಿತು. ಅಲ್ಲಿಗೆ ಅದು ಅಕ್ಷರವಾಗಿರುವುದನ್ನು ಬಿಟ್ಟು ಚಿತ್ರವಾಗುತ್ತದೆ. ತಾರೀಖು, ಸಭಾಂಗಣ, ಭಾಗವತರ ಹೆಸರು, ದಾನಿಗಳ ಹೆಸರು ಯಾವುದೂ ಹುಡುಕಿದರೆ ಸಿಗುವ ಸ್ಥಿತಿಯಲ್ಲಿ ಉಳಿಯುವುದಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಷ್ಟು ಹಳೆಯದು, ಕರ್ನಾಟಕ ಸಂಘ 1933ರದು. ಆ ಕಾಲದ ಚಟುವಟಿಕೆಯನ್ನು ಕಾಗದದ ಕರಪತ್ರ, ಪತ್ರಿಕಾ ತುಣುಕುಗಳಿಂದ ಕಟ್ಟಿಕೊಡಲು ಸಂಶೋಧಕರಿಗೆ ಇಂದಿಗೂ ದಾರಿ ಇದೆ. ನಿನ್ನೆಯ ದಹಿಸರ್ ಕಾರ್ಯಕ್ರಮಕ್ಕೆ ಆ ದಾರಿಯೂ ಮುಚ್ಚಿಹೋಗುವ ಸಂಭವ ಹೆಚ್ಚು. ಪಿಡಿಎಫ್ ಮಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ: ಕನ್ನಡ ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಒತ್ತು–ಗುಣಿತಗಳು ಸ್ಥಾನಪಲ್ಲಟವಾಗುವುದು ಸಾಮಾನ್ಯ, ಏಕೆಂದರೆ ಕಡತದಲ್ಲಿರುವುದು ಜೋಡಿಸಿ ಮುಗಿದ ಆಕೃತಿಗಳು. ಟೆಸರಾಕ್ಟ್‌ನಂಥ ಮುಕ್ತ ತಂತ್ರಾಂಶ, ಗೂಗಲ್ ಡ್ರೈವ್‌ನ ಓಸಿಆರ್ ಚಿತ್ರದಿಂದ ಕನ್ನಡವನ್ನು ಮತ್ತೆ ಎತ್ತಿಕೊಡಬಲ್ಲವು. ಆದರೆ ಬಂಗಾರದ ನೆರಳು ಹೊತ್ತ ಅಲಂಕಾರಿಕ ಅಕ್ಷರಗಳ ಮುಂದೆ ಅವೂ ಮುಗ್ಗರಿಸುತ್ತವೆ. ಚಿತ್ರದ ಕೆಳಗೆ ಅದೇ ಒಕ್ಕಣೆಯನ್ನು ಪಠ್ಯವಾಗಿ ಹಾಕುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಫೋಟೊಗಳ ಕಥೆಯೂ ಇದೇ. ಕ್ಯಾಮೆರಾ ಬರೆದಿಟ್ಟ ದಿನಾಂಕ, ಸ್ಥಳ ಮೊದಲಾದ ವಿವರಗಳನ್ನು ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವಾಗ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತ ಹಾಗೆಯೇ ತಲಪುತ್ತದೆ. ಚಿತ್ರದೊಳಗೇ ಶೀರ್ಷಿಕೆ, ಛಾಯಾಗ್ರಾಹಕರ ಹೆಸರು, ವೇದಿಕೆಯಲ್ಲಿರುವವರ ಹೆಸರುಗಳನ್ನು ಕನ್ನಡದಲ್ಲೇ ಬರೆದಿಡಲು ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನಗಳಿವೆ. ಬೆಳಕು–ಬಣ್ಣ ತಿದ್ದುವ ಸ್ನ್ಯಾಪ್‌ಸೀಡ್, ಡಾರ್ಕ್‌ಟೇಬಲ್‌ಗಳಿಗೆ ಸಿಗುವ ಪ್ರಚಾರದ ಒಂದಂಶವೂ ಇವಕ್ಕೆ ಸಿಕ್ಕಿಲ್ಲ. ದೀರ್ಘಕಾಲ ಉಳಿಯಬೇಕಾದ ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ಒಳ್ಳೆಯ ಜಾಗ; ಅಲ್ಲಿ ಒಂದೇ ಚಿತ್ರಕ್ಕೆ ಕನ್ನಡ, ತುಳು, ಮರಾಠಿ ಶೀರ್ಷಿಕೆಗಳನ್ನು ಬೇರೆಬೇರೆಯಾಗಿ ಕೊಡಬಹುದು. ಪಕ್ಕದ ಬೊರಿವಲಿಯ ಮಂಡಪೇಶ್ವರ ಗುಹೆಗಳ ಚಿತ್ರಕ್ಕೆ ಕನ್ನಡ ಶೀರ್ಷಿಕೆ ಬರೆಯುವುದೂ ಒಂದು ಸೇವೆಯೇ. ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನೇ; ಅಭಿಮಾನದಿಂದ ಪುಕ್ಕಟೆ ತೆಗೆದುಕೊಟ್ಟ ಫೋಟೊದ ಹಕ್ಕು ತೆಗೆದವನದು. ಸಂಘಗಳಲ್ಲಿ ಎರಡೂ ಬೆರೆತಿರುತ್ತವೆ, ಆದ್ದರಿಂದ ಕಾಮನ್ಸ್‌ಗೆ ಏರಿಸುವ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯುವುದು ಲೇಸು.

ಬ್ಲಾಗ್ ಎಂಬ ಕಡತ

‘ಸಂಪದ’ ಎಂಬ ಕನ್ನಡ ಜಾಲತಾಣ 2005ರಲ್ಲಿ ಆರಂಭವಾದ ಆಸುಪಾಸಿನ ವರ್ಷಗಳಲ್ಲಿ ಕನ್ನಡ ಬ್ಲಾಗ್‌ಗಳು ಹುಲುಸಾಗಿ ಬೆಳೆದವು. ಆಮೇಲೆ ಬರೆಯುವವರು ಫೇಸ್‌ಬುಕ್ಕಿಗೆ ಹೊರಟುಹೋದರು. ಸಂಘದ ಮಟ್ಟಿಗೆ ಮಾತ್ರ ಬ್ಲಾಗ್ ಈಗಲೂ ಯೋಗ್ಯವಾದ ಕಡತ, ಏಕೆಂದರೆ ತಾರೀಖಿನ ಕ್ರಮ, ಹುಡುಕುವ ಅನುಕೂಲ, ಹೊರಗಿನವರಿಗೂ ತೆರೆದ ಬಾಗಿಲು ಮೂರೂ ಅಲ್ಲಿವೆ. ಬ್ಲಾಗರ್ ಆದರೂ ಆಗಬಹುದು, ವರ್ಡ್‌ಪ್ರೆಸ್ ಆದರೂ ಆಗಬಹುದು. ವರ್ಡ್‌ಪ್ರೆಸ್‌ನಲ್ಲಿ ಒಂದು ಮಾತು ನೆನಪಿಡಬೇಕು: ಲೇಖನದ ಜಾಲವಿಳಾಸದ ತುದಿಗೆ ಅದು ಕೊಡುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ‘ದಹಿಸರ್’ ಒಂದೇ 54 ಅಕ್ಷರ ನುಂಗುತ್ತದೆ. ಇಪ್ಪತ್ತೆರಡು ಸಂಕೇತಗಳಾದ ಮೇಲೆ ವಿಳಾಸ ಕತ್ತರಿಸಿಹೋಗುತ್ತದೆ. ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸ ಮಾತ್ರ ಚಿಕ್ಕದಾಗಿ ರೋಮನ್ನಿನಲ್ಲಿರಲಿ ಎಂಬುದು ಬಲ್ಲವರ ರೂಢಿ. ಪ್ರಕಟಿಸಿದ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಲು ಒಂದು ನಿಮಿಷವೂ ಹಿಡಿಯುವುದಿಲ್ಲ. 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ ಎಷ್ಟೋ ಮನೆಪುಟಗಳು ಕಣ್ಮರೆಯಾದವು ಎಂಬುದನ್ನು ನೆನೆದರೆ ಈ ನಿಮಿಷ ದುಬಾರಿಯಲ್ಲ.

ಪಠ್ಯ ಪಠ್ಯವಾಗಿ ಉಳಿದರೆ ಇನ್ನೊಂದು ಲಾಭವಿದೆ. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಮರಾಠಿ–ಇಂಗ್ಲಿಷ್ ಕಲಿತ ದಹಿಸರ್‌ನ ಮಕ್ಕಳಿಗೆ ಕೇಳಿದರೆ ಅರ್ಥವಾಗುವ ಮಾತು ಕನ್ನಡ ಲಿಪಿಯಲ್ಲಿ ಕಂಡರೆ ಓದಲಾಗುವುದಿಲ್ಲ. ವಿನೋದ್ ರಾಜನ್ ಅವರ ಅಕ್ಷರಮುಖ ಎಂಬ ಉಚಿತ ತಾಣ ಕನ್ನಡ ಲಿಪಿಯ ಬರಹವನ್ನು ದೇವನಾಗರಿಗೆ ಕ್ಷಣದಲ್ಲಿ ತಿರುಗಿಸುತ್ತದೆ. ಇದೇ ವಿನೋದ್ ರಾಜನ್ ಮತ್ತು ವೈಷ್ಣವಿ ಮೂರ್ತಿ ಸೇರಿ ಮಂಡಿಸಿದ ಪ್ರಸ್ತಾವದ ಫಲವಾಗಿ ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿಗೆ ಸೇರಿತು. ಆದರೂ ದಿನಬಳಕೆಯ ತುಳು, 2016ರಿಂದ ನಡೆಯುತ್ತಿರುವ ತುಳು ವಿಕಿಪೀಡಿಯವೂ ಸೇರಿ, ಕನ್ನಡ ಲಿಪಿಯಲ್ಲೇ ಇದೆ. ಲಿಪ್ಯಂತರದಲ್ಲಿ ಒಂದು ಕೊರತೆ ಉಳಿಯುತ್ತದೆ: ಮರಾಠಿ ವರ್ಣಮಾಲೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಲ್ಲ. ದೇವನಾಗರಿಯಲ್ಲಿ ಅವಕ್ಕೆ ಯೂನಿಕೋಡ್ ಸ್ಥಾನಗಳಿವೆಯಾದರೂ ಮರಾಠಿ ಓದಿದ ಹುಡುಗನಿಗೆ ಆ ಚಿಹ್ನೆಗಳ ಪರಿಚಯವಿಲ್ಲ. ‘ಬೆಳೆ’ಯೂ ‘ಬೇಳೆ’ಯೂ ಅವನ ಕಣ್ಣಿಗೆ ಒಂದೇ. ಯಂತ್ರ ಕೊಟ್ಟ ಪ್ರತಿಯನ್ನು ಮನೆಯ ಅಜ್ಜಿಯೊಬ್ಬರಿಗೆ ಓದಿ ಹೇಳಿ, ಎಲ್ಲಿ ಎಡವುತ್ತದೆ ಎಂದು ಗುರುತಿಸಿ, ಅಂಥ ಕಡೆ ಪದವನ್ನೇ ಬದಲಿಸುವುದು ಸದ್ಯಕ್ಕೆ ಇರುವ ದಾರಿ.