ಆರು ಜನರ ದಾಳಿ: ಲ್ಯಾಕ್ರೋಸ್ ವ್ಯೂಹಗಳು ಬೆಳೆದ ಬಗೆ

ಲ್ಯಾಕ್ರೋಸ್‌ನಲ್ಲಿ ಗೋಲು ಮುಖ್ಯವಾಗಿ ಎರಡು ಬಗೆಯಲ್ಲಿ ಬರುತ್ತದೆ. ಚೆಂಡು ಕಸಿದುಕೊಂಡ ತಂಡ, ಎದುರಾಳಿ ರಕ್ಷಕರು ಸಾವರಿಸಿಕೊಳ್ಳುವ ಮೊದಲೇ ಓಡಿಹೋಗಿ ಹೊಡೆಯುವುದು ಒಂದು. ಎರಡೂ ಕಡೆಯವರು ತಮ್ಮ ತಮ್ಮ ಜಾಗ ಹಿಡಿದು ನಿಂತ ಮೇಲೆ ಆರು ದಾಳಿಗಾರರು ಆರು ರಕ್ಷಕರನ್ನೂ ಗೋಲ್‌ಕೀಪರನ್ನೂ ಎದುರಿಸಿ, ಚೆಂಡನ್ನು ಬಲೆ ಹೆಣೆದ ಕೋಲಿನಿಂದ ಕೋಲಿಗೆ ದಾಟಿಸುತ್ತ ಸಂದು ಹುಡುಕುವುದು ಇನ್ನೊಂದು. ಈ ಎರಡನೆಯದು ನೆಲೆನಿಂತ ದಾಳಿ. ತರಬೇತುದಾರರ ಬಾಯಲ್ಲಿ ಸೆಟಲ್ಡ್ ಅಫೆನ್ಸ್. ಲ್ಯಾಕ್ರೋಸ್‌ಗೆ ನೂರಾರು ವರ್ಷಗಳ ಚರಿತ್ರೆಯಿದ್ದರೂ ಈ ದಾಳಿಯ ಇಂದಿನ ರೂಪ ಇಪ್ಪತ್ತನೆಯ ಶತಮಾನದ್ದು. ಆಟಗಾರರ ಸಂಖ್ಯೆ, ಮೈದಾನದ ಅಳತೆ, ಕೋಲಿನ ಆಕಾರ, ಗಡಿಯಾರದ ಮಿತಿ ಬದಲಾದಂತೆಲ್ಲ ಅದೂ ಬದಲಾಗುತ್ತ ಬಂದಿದೆ.

ಆಟದ ಮೂಲ ಉತ್ತರ ಅಮೆರಿಕದ ಮೂಲನಿವಾಸಿಗಳದು. ಹೌಡೆನೊಸೌನಿ, ಒಜಿಬ್ವೆ, ಚೆರೊಕೀ, ಚಾಕ್ಟಾ ಮೊದಲಾದ ಜನಾಂಗಗಳು ತಮ್ಮ ತಮ್ಮ ರೀತಿಯಲ್ಲಿ ಇದನ್ನು ಆಡುತ್ತಿದ್ದವು. ಹೌಡೆನೊಸೌನಿ ಜನರಿಗೆ ಇದು ಸೃಷ್ಟಿಕರ್ತನ ಮೆಚ್ಚಿಗೆಗಾಗಿ ಆಡುವ, ರೋಗ ಕಳೆಯುವ ಶಕ್ತಿಯುಳ್ಳ ಆಟ. ಇಂದಿಗೂ ಅವರು ಅದನ್ನು ಹಾಗೆಯೇ ಗೌರವಿಸುತ್ತಾರೆ. ಜೆಸುಯಿಟ್ ಪಾದ್ರಿ ಜಾನ್ ದ ಬ್ರೆಬೂಫ್ 1630ರ ದಶಕದಲ್ಲಿ ಹ್ಯೂರನ್ ಜನರ ನಡುವೆ ಕಂಡ ಈ ಆಟವನ್ನು ದಾಖಲಿಸಿದ. ದೊಡ್ಡ ಪಂದ್ಯಗಳಲ್ಲಿ ಒಂದೊಂದು ಕಡೆ ನೂರಾರು ಜನ ಸೇರುತ್ತಿದ್ದರು, ಗೋಲುಗಳು ಬಹುದೂರದಲ್ಲಿರುತ್ತಿದ್ದವು. ಅಷ್ಟು ಜನರ ನಡುವೆ ಚೆಂಡನ್ನು ಮುಂದಕ್ಕೆ ಒಯ್ಯುವುದೇ ದೊಡ್ಡ ಸಾಹಸವಾಗಿತ್ತು. ಗೋಲಿನೆದುರು ಸಮಸಂಖ್ಯೆಯ ಎರಡು ಗುಂಪುಗಳು ಸಾಲುಗಟ್ಟಿ ನಿಲ್ಲುವ ಪ್ರಸಂಗ ಅಲ್ಲಿ ಹುಟ್ಟುವಂತಿರಲಿಲ್ಲ.

1856ರಲ್ಲಿ ಮಾಂಟ್ರಿಯಲ್ ಲ್ಯಾಕ್ರೋಸ್ ಕ್ಲಬ್ ಹುಟ್ಟಿತು. ಅದೇ ನಗರದ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ 1867ರಲ್ಲಿ ನಿಯಮಗಳನ್ನು ಕ್ರೋಡೀಕರಿಸಿದ. ತಂಡಕ್ಕೆ 12 ಜನ ಎಂದು ಗೊತ್ತಾಯಿತು, ರಬ್ಬರ್ ಚೆಂಡು ಬಂತು. ಹನ್ನೆರಡು ಜನರೂ ಒಂದು ಗೋಲಿನಿಂದ ಇನ್ನೊಂದರವರೆಗೆ ಉದ್ದಕ್ಕೆ ಹರಡಿ ನಿಲ್ಲುತ್ತಿದ್ದರು. ಗೋಲ್‌ಕೀಪರನ ಮುಂದೆ ಪಾಯಿಂಟ್, ಕವರ್ ಪಾಯಿಂಟ್, ನಡುವೆ ಸೆಂಟರ್, ಎದುರಾಳಿಯ ಗೋಲಿನ ಬಳಿ ಔಟ್ ಹೋಮ್, ಇನ್ ಹೋಮ್. ಪ್ರತಿಯೊಬ್ಬನ ಪಕ್ಕದಲ್ಲೂ ಅವನನ್ನು ಕಾಯುವ ಎದುರಾಳಿ. ಚೆಂಡು ಈ ಸರಪಳಿಯ ಕೊಂಡಿಯಿಂದ ಕೊಂಡಿಗೆ ಸಾಗಿ ಕೊನೆಗೆ ಇನ್ ಹೋಮ್‌ನ ಕೋಲಿಗೆ ಬೀಳಬೇಕು. ಪಾಸ್ ಕೊಡುವ ಕಲೆ ಬೆಳೆದದ್ದು ಇಲ್ಲಿಯೇ. ಆದರೂ ದಾಳಿ ಎಂದರೆ ಅಲ್ಲಲ್ಲಿ ನಡೆಯುವ ಇಬ್ಬಿಬ್ಬರ ಕಾದಾಟವಾಗಿಯೇ ಉಳಿಯಿತು.

ಆಟ ಅಮೆರಿಕದ ಕಾಲೇಜುಗಳಿಗೆ ಹೋದ ಮೇಲೆ ಚಿತ್ರ ಬದಲಾಯಿತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1883ರಲ್ಲಿ ತಂಡ ಕಟ್ಟಲಾಯಿತು. ಮುಂದೆ ಆ ನಗರವೇ ಅಮೆರಿಕದ ಲ್ಯಾಕ್ರೋಸ್‌ಗೆ ತವರಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂದ ಎರಡು ನಿಯಮಗಳು ನೆಲೆನಿಂತ ದಾಳಿಗೆ ಅಡಿಪಾಯ ಹಾಕಿದವು. ಮೊದಲನೆಯದು ಆಫ್‌ಸೈಡ್. ಗೋಲ್‌ಕೀಪರ್ ಸೇರಿ ಕನಿಷ್ಠ ನಾಲ್ವರು ತಮ್ಮ ಅರ್ಧದಲ್ಲಿ, ಮೂವರು ಎದುರಾಳಿಯ ಅರ್ಧದಲ್ಲಿ ಇರಬೇಕು ಎಂಬುದು ಅದರ ತಿರುಳು. ಎರಡನೆಯದು 1933ರ ಬದಲಾವಣೆ. ತಂಡದ ಬಲ ಹನ್ನೆರಡರಿಂದ ಹತ್ತಕ್ಕೆ ಇಳಿಯಿತು, ಗೋಲುಗಳ ನಡುವಿನ ಅಂತರ 110 ಗಜದಿಂದ 80 ಗಜಕ್ಕೆ ಬಂತು. ಈ ಎರಡನ್ನೂ ಕೂಡಿಸಿದರೆ ಲೆಕ್ಕ ತಾನೇ ಸಿಗುತ್ತದೆ. ದಾಳಿಗೆ ಮೂವರು ಅಟ್ಯಾಕ್ ಆಟಗಾರರು, ಮೂವರು ಮಿಡ್‌ಫೀಲ್ಡರ್‌ಗಳು; ಅವರೆದುರು ಅಷ್ಟೇ ರಕ್ಷಕರು. ಮೈದಾನದ ಅರ್ಧ ಭಾಗದಲ್ಲಿ ಆರಕ್ಕೆ ಆರು ಎಂಬ ಸಮಬಲ ಹೀಗೆ ನಿಯಮದಿಂದಲೇ ಹುಟ್ಟಿತು. ಸಮಬಲ ಬಂದಾಗ ಅದನ್ನು ಮುರಿಯುವ ಉಪಾಯವೂ ಬೇಕಾಯಿತು.

ಆ ಉಪಾಯಕ್ಕೆ ಲ್ಯಾಕ್ರೋಸ್‌ನ ವಿಶಿಷ್ಟ ರಚನೆ ನೆರವಾಯಿತು. ಫುಟ್‌ಬಾಲ್‌ನಂತೆ ಇಲ್ಲಿ ಗೋಲುಗೆರೆಯೇ ಮೈದಾನದ ಕೊನೆಯಲ್ಲ. ಆರು ಅಡಿ ಅಗಲ, ಆರು ಅಡಿ ಎತ್ತರದ ಗೋಲುಪೆಟ್ಟಿಗೆಯ ಹಿಂದೆಯೂ ಆಡಲು ಹಲವು ಗಜ ಜಾಗವಿದೆ. ಆ ಹಿಂಬದಿಯ ಜಾಗಕ್ಕೆ ಆಟಗಾರರು ಎಕ್ಸ್ ಎನ್ನುತ್ತಾರೆ. ಚೆಂಡು ಎಕ್ಸ್‌ಗೆ ಹೋದ ಕೂಡಲೇ ಗೋಲ್‌ಕೀಪರ್ ಹಿಂದಕ್ಕೆ ತಿರುಗಬೇಕು, ರಕ್ಷಕರು ಒಂದು ಕಣ್ಣನ್ನು ಚೆಂಡಿನ ಮೇಲೂ ಇನ್ನೊಂದನ್ನು ತಾವು ಕಾಯುವವನ ಮೇಲೂ ಇಡಬೇಕು. ಇದರ ಸುತ್ತಲೇ ವ್ಯೂಹಗಳು ಬೆಳೆದವು. ಮುಂದಿನಿಂದ ಹಿಂದಕ್ಕೆ ಎಣಿಸಿದರೆ, 2-2-2ರಲ್ಲಿ ಮುಂದೆ ಇಬ್ಬರು, ಗೋಲಿನೆದುರು ಇಬ್ಬರು, ಹಿಂದೆ ಇಬ್ಬರು. 2-3-1ರಲ್ಲಿ ಎಕ್ಸ್‌ನಲ್ಲಿ ಒಬ್ಬನೇ. 1-4-1ರಲ್ಲಿ ಮುಂದೂ ಹಿಂದೂ ಒಬ್ಬೊಬ್ಬರು, ನಡುವೆ ನಾಲ್ವರು.

ವ್ಯೂಹ ಯಾವುದಾದರೂ ಒಳಗಿನ ತರ್ಕ ಒಂದೇ. ಎಕ್ಸ್‌ನಲ್ಲಿರುವ ಅಟ್ಯಾಕ್ ಆಟಗಾರ ಚೆಂಡು ಹಿಡಿದು ಬಲಕ್ಕೆ ಓಡಿದಂತೆ ಮಾಡಿ ಥಟ್ಟನೆ ಎಡಕ್ಕೆ ತಿರುಗುತ್ತಾನೆ, ಇದು ಡಾಡ್ಜ್. ಅವನನ್ನು ಕಾಯುತ್ತಿದ್ದವನು ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ದಾಳಿಗಾರ ಗೋಲಿನ ಪಕ್ಕದಿಂದ ಮುಂದಕ್ಕೆ ಬರುವಷ್ಟರಲ್ಲಿ, ಗೋಲಿನ ಸುತ್ತ ಎಳೆದ ವೃತ್ತವಾದ ಕ್ರೀಸ್ ಬಳಿ ನಿಂತಿದ್ದ ಇನ್ನೊಬ್ಬ ರಕ್ಷಕ ತನ್ನವನನ್ನು ಬಿಟ್ಟು ಅವನಿಗೆ ಅಡ್ಡ ಬರುತ್ತಾನೆ, ಇದು ಸ್ಲೈಡ್. ಈಗ ಎಲ್ಲೋ ಒಬ್ಬ ಒಂಟಿಯಾಗಿದ್ದಾನೆ. ಅವನ ಕಡೆಗೆ ಮೂರನೆಯ ರಕ್ಷಕ ಧಾವಿಸಿದರೆ ಒಂಟಿಯಾಗುವವನು ಮತ್ತೊಬ್ಬ. ಚೆಂಡು ರಕ್ಷಕರ ಕಾಲಿಗಿಂತ ವೇಗವಾಗಿ ಎರಡು ಮೂರು ಪಾಸ್ ದಾಟಿದರೆ, ಕೊನೆಯಲ್ಲಿ ಅದನ್ನು ಹಿಡಿದವನಿಗೂ ಗೋಲಿಗೂ ನಡುವೆ ಕೀಪರ್ ಒಬ್ಬನೇ ಉಳಿಯುತ್ತಾನೆ. ಈ ಸ್ಲೈಡ್ ಎಲ್ಲಿಂದ ಬರುತ್ತದೆ ಎಂದು ಮೊದಲೇ ಊಹಿಸಿ ಆರು ಜನರನ್ನೂ ಅದಕ್ಕೆ ತಕ್ಕಂತೆ ನಿಲ್ಲಿಸುವುದೇ ನೆಲೆನಿಂತ ದಾಳಿಯ ವಿದ್ಯೆ.

ಕೋಲು ಬದಲಾದಾಗ ಈ ವಿದ್ಯೆಯೂ ಬದಲಾಯಿತು. ಹಿಕರಿ ಮರವನ್ನು ಸೀಳಿ, ಹೆರೆದು, ಹಬೆಯಲ್ಲಿ ಬಾಗಿಸಿ, ತಿಂಗಳುಗಟ್ಟಲೆ ಒಣಗಿಸಿ ಮೂಲನಿವಾಸಿ ಕುಶಲಕರ್ಮಿಗಳು ಕೋಲು ಮಾಡುತ್ತಿದ್ದರು. ಅದರ ತಲೆಯ ಒಂದು ಅಂಚು ಮರ, ಇನ್ನೊಂದು ಅಂಚು ಹೆಣೆದ ತೊಗಲು. ಎರಡು ಬದಿ ಸಮವಿಲ್ಲದ ಕಾರಣ ಆಟಗಾರ ಒಂದೇ ಕೈಗೆ ಒಗ್ಗಿಕೊಳ್ಳುವುದು ಸಹಜವಾಗಿತ್ತು. 1968ರಲ್ಲಿ ಕೆನಡಾದ ಕಾರ್ನ್‌ವಾಲ್ ದ್ವೀಪದಲ್ಲಿದ್ದ ಕೋಲಿನ ದೊಡ್ಡ ಕಾರ್ಖಾನೆ ಬೆಂಕಿಗೆ ಆಹುತಿಯಾಗಿ ಪೂರೈಕೆಗೆ ಹೊಡೆತ ಬಿತ್ತು. ಅದರ ಬೆನ್ನಿಗೇ, 1970ರ ಸುಮಾರಿಗೆ, ಬಾಲ್ಟಿಮೋರ್‌ನ ಎಸ್‌ಟಿಎಕ್ಸ್ ಕಂಪನಿಯ ಪ್ಲಾಸ್ಟಿಕ್ ತಲೆ ಮಾರುಕಟ್ಟೆಗೆ ಬಂತು. ಹಗುರವಾದ, ಎರಡು ಬದಿಯೂ ಸಮವಾದ ಈ ಕೋಲಿನಿಂದ ಎಡಗೈ ಬಲಗೈ ಎರಡರಲ್ಲೂ ಆಡುವುದು ಸುಲಭವಾಯಿತು. ದಾಳಿಗಾರ ಯಾವ ಬದಿಗಾದರೂ ತಿರುಗಬಲ್ಲವನಾದ. ಮುಂದೆ ತಲೆಯನ್ನು ಕಿರಿದು ಮಾಡುತ್ತ ಹೋದಂತೆ ಚೆಂಡನ್ನು ಕೋಲಿನಿಂದ ಕೆಡವುವುದು ಕಷ್ಟವಾಗಿ, ತಂಡಗಳು ಹೆಚ್ಚು ಹೊತ್ತು ಚೆಂಡು ಇಟ್ಟುಕೊಳ್ಳತೊಡಗಿದವು.

ಇನ್ನೊಂದು ದೊಡ್ಡ ಕೊಡುಗೆ ಕೆನಡಾದ ಒಳಾಂಗಣ ಆಟದ್ದು. ಬೇಸಿಗೆಯಲ್ಲಿ ಖಾಲಿ ಬೀಳುತ್ತಿದ್ದ ಐಸ್ ಹಾಕಿ ಅಂಗಳಗಳನ್ನು ಬಳಸಿಕೊಳ್ಳಲು 1930ರ ದಶಕದ ಆರಂಭದಲ್ಲಿ ಬಾಕ್ಸ್ ಲ್ಯಾಕ್ರೋಸ್ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಬಯಲಿನ ಆಟವನ್ನು ಮೀರಿ ಬೆಳೆಯಿತು. ಕೀಪರನ್ನು ಬಿಟ್ಟರೆ ಐದೇ ಜನ, ಸುತ್ತ ಗೋಡೆ, ಚಿಕ್ಕ ಗೋಲು. ಅಷ್ಟು ಇಕ್ಕಟ್ಟಿನಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಹಾಗಾಗಿ ಒಬ್ಬ ರಕ್ಷಕನ ದಾರಿಗೆ ತನ್ನ ಮೈ ಅಡ್ಡಕೊಟ್ಟು ಸಂಗಡಿಗನಿಗೆ ದಾರಿ ಮಾಡಿಕೊಡುವ ಪಿಕ್, ಅಡ್ಡ ನಿಂತವನೇ ತಿರುಗಿ ಗೋಲಿನತ್ತ ನುಗ್ಗುವ ರೋಲ್ ಇಲ್ಲಿ ಪಕ್ವವಾದವು. ಬಲಗೈಯವರು ಎಡ ಪಾರ್ಶ್ವದಲ್ಲಿ, ಎಡಗೈಯವರು ಬಲ ಪಾರ್ಶ್ವದಲ್ಲಿ ನಿಂತರೆ ಎಲ್ಲರ ಕೋಲೂ ಅಂಗಳದ ನಡುವಿಗೆ ತೆರೆದಿರುತ್ತದೆ ಎಂಬ ಪಾಠವೂ ಇಲ್ಲಿಯದೇ.

ಈ ಪಾಠಗಳನ್ನು ಅಮೆರಿಕದ ಬಯಲಿಗೆ ತಂದವರು ಕೆನಡಾದ ಆಟಗಾರರು. 1971ರಲ್ಲಿ ಮೊದಲ ಎನ್‌ಸಿಎಎ ಕಾಲೇಜು ಚಾಂಪಿಯನ್‌ಷಿಪ್ ಗೆದ್ದ ಕಾರ್ನೆಲ್, 1976ರಲ್ಲಿ ಸೋಲೇ ಕಾಣದೆ ಮತ್ತೆ ಗೆದ್ದಾಗ ಅದರ ದಾಳಿಯ ಮುಂಚೂಣಿಯಲ್ಲಿದ್ದವನು ಕೆನಡಾದ ಮೈಕ್ ಫ್ರೆಂಚ್. ಬ್ರಿಟಿಷ್ ಕೊಲಂಬಿಯಾದ ಅವಳಿಗಳಾದ ಗ್ಯಾರಿ ಗೇಟ್ ಮತ್ತು ಪಾಲ್ ಗೇಟ್ 1980ರ ದಶಕದ ಕೊನೆಯಲ್ಲಿ ಸಿರಕ್ಯೂಸ್ ವಿಶ್ವವಿದ್ಯಾಲಯದ ಪರ ಆಡಿದರು. 1988ರ ಎನ್‌ಸಿಎಎ ಸೆಮಿಫೈನಲ್‌ನಲ್ಲಿ ಗ್ಯಾರಿ ಗೋಲಿನ ಹಿಂದಿನಿಂದ ಕ್ರೀಸ್ ಮೇಲೆ ಹಾರಿ, ಅಡ್ಡಪಟ್ಟಿಯ ಮೇಲಿನಿಂದ ಚೆಂಡನ್ನು ಒಳಕ್ಕೆ ತುರುಕಿದ. ಗೋಲಿನ ಹಿಂದಿನಿಂದಲೇ ಹೊಡೆತ ಬರುವುದೆಂದು ಎಣಿಸದ ರಕ್ಷಕರಿಗೆ ಅದು ಹೊಸ ಆಘಾತ. 2015ರಲ್ಲಿ ಪ್ರಶಸ್ತಿ ಗೆದ್ದ ಡೆನ್ವರ್ ತಂಡದ ದಾಳಿಯಲ್ಲೂ ಕೆನಡಾದವರ ಜೋಡಿಯಾಟ ಎದ್ದು ಕಾಣುತ್ತಿತ್ತು.

ಡೆನ್ವರ್‌ನ ಆ ಗೆಲುವಿನ ತರಬೇತುದಾರ ಬಿಲ್ ಟಿಯರ್ನಿ ಅದಕ್ಕೂ ಮೊದಲು ಪ್ರಿನ್ಸ್‌ಟನ್‌ಗೆ 1992ರಿಂದ 2001ರ ನಡುವೆ ಆರು ಪ್ರಶಸ್ತಿ ತಂದುಕೊಟ್ಟಿದ್ದವನು. ಬಲವಾದ ರಕ್ಷಣೆ, ಅವಸರವಿಲ್ಲದ ದಾಳಿ ಅವನ ತಂಡದ ಗುರುತು. ಒಳ್ಳೆಯ ಅವಕಾಶ ಸಿಗುವವರೆಗೆ ಚೆಂಡನ್ನು ಸುತ್ತಾಡಿಸುವ ಈ ತಾಳ್ಮೆಯನ್ನು ಅನುಕರಿಸಿದವರು ಹಲವರು. ಆದರೆ ತಾಳ್ಮೆ ಕಾಲಹರಣಕ್ಕೆ ತಿರುಗಿದಾಗ ನೋಡುವವರಿಗೆ ಬೇಸರವಾಗತೊಡಗಿತು. ರೆಫರಿ ಎಚ್ಚರಿಕೆ ಕೊಟ್ಟ ಮೇಲೆ 30 ಸೆಕೆಂಡಿನೊಳಗೆ ಹೊಡೆಯಬೇಕೆಂಬ ನಿಯಮ 2013ರಲ್ಲಿ ಕಾಲೇಜು ಆಟಕ್ಕೆ ಬಂತು. 2019ರಲ್ಲಿ 80 ಸೆಕೆಂಡಿನ ಗಡಿಯಾರವೇ ಬಂತು. ಅದೇ ವರ್ಷ ಶುರುವಾದ ವೃತ್ತಿಪರ ಪ್ರೀಮಿಯರ್ ಲ್ಯಾಕ್ರೋಸ್ ಲೀಗ್ 52 ಸೆಕೆಂಡಿನ ಮಿತಿಯನ್ನಿಟ್ಟಿತು. ಇದರಿಂದ ದಾಳಿಯ ಯೋಜನೆ ಕಿರಿದಾಯಿತು. ಮೊದಲ ಡಾಡ್ಜ್ ಯಾರದು, ಯಾವ ದುರ್ಬಲ ರಕ್ಷಕನ ಮೇಲೆ ಎಂಬುದು ಚೆಂಡು ಬರುವ ಮೊದಲೇ ನಿರ್ಧಾರವಾಗಿರಬೇಕಾಯಿತು.

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, ಕ್ರಿಕೆಟ್ ಜೊತೆಗೆ ಲ್ಯಾಕ್ರೋಸ್ ಅನ್ನೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿಸಿತು. ಅಲ್ಲಿ ಆಡುವುದು ಸಿಕ್ಸಸ್ ಎಂಬ ಚಿಕ್ಕ ರೂಪ: ಕೀಪರ್ ಸೇರಿ ಆರು ಜನ, 70 ಮೀಟರ್ ಉದ್ದ 36 ಮೀಟರ್ ಅಗಲದ ಅಂಗಳ, ದಾಳಿಗೆ 30 ಸೆಕೆಂಡು. ಇದರಲ್ಲಿ ಐವರು ಐವರನ್ನು ಎದುರಿಸುತ್ತಾರೆ. ನೆಲೆನಿಂತು ಚೆಂಡು ಸುತ್ತಾಡಿಸಲು ಸಿಗುವುದು ಕೆಲವೇ ಸೆಕೆಂಡು. ಬಾಕ್ಸ್ ಆಟದ ಜೋಡಿ ತಂತ್ರಗಳೂ ಬಯಲು ಆಟದ ಎಕ್ಸ್ ಕೂಡ ಇದರಲ್ಲಿ ಬೆರೆತಿವೆ. ಸ್ಲೈಡ್ ಬರಿಸಿ ಒಂಟಿಯಾದವನನ್ನು ಹುಡುಕುವ ಹಳೆಯ ಸೂತ್ರವನ್ನೇ ಈ ಕಿರಿದಾದ ಅಂಗಳದಲ್ಲಿ, ಇನ್ನೂ ಕಡಿಮೆ ಹೊತ್ತಿನಲ್ಲಿ ಸಾಧಿಸಬೇಕಾಗಿದೆ.