ಮೊದಲಕ್ಷರ ಯಾವುದು?

1996ನೇ ಇಸವಿ. ಪಿಯುಸಿ ಮುಗಿಸಿ ಶಿವಮೊಗ್ಗದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಸೇರಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಎಸಿ, ಕಪ್ಪು ಪರದೆ, ಮಿಣಮಿಣ ಅನ್ನೋ ಕರ್ಸರ್. ಟೈಪಿಂಗ್ ಅಭ್ಯಾಸ ಆಗ್ಲಿ ಅಂತ ಭಾನುವಾರ ಅಜ್ಜಿ ಹೇಳಿದ್ದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಫ್ಲಾಪಿಗೆ ಹಾಕ್ತಿದ್ದೆ. ಒಟ್ಟು ಮೂರು ಫೈಲು: ತವರಿನ ಐದು ತಲೆಮಾರಿನ ಹೆಸರುಗಳು, ಸೋಬಾನೆ ಹಾಡುಗಳು, ಹಬ್ಬದಡುಗೆ. ಬರೆದುಕೊಂಡ ಹಾಳೆಗಳು ಬಚ್ಚಲೊಲೆ ಸೇರಿದ್ವು. ಹೇಗೂ ಫ್ಲಾಪಿಯಲ್ಲಿದೆಯಲ್ಲ!

ಒಂದು ದಿನ ಹಾರ್ಡ್ ಡಿಸ್ಕಿನ ಕಸ ತೆಗೆಯೋಕೆ ಹೋಗಿ, ಫ್ಲಾಪಿಯ ಪ್ರಾಂಪ್ಟಿನಲ್ಲಿದ್ದೀನಿ ಅನ್ನೋದನ್ನ ಮರೆತು ಡೆಲ್ ಕಮಾಂಡ್ ಕೊಟ್ಟೆ. ಎಲ್ಲಾ ಫೈಲುಗಳೂ ಅಳಿಸಿಹೋಗುತ್ತೆ, ಖಾತ್ರಿನಾ ಅಂತ ಡಾಸ್ ಕೇಳ್ತು. ವೈ ಒತ್ತಿದೆ. ಆಮೇಲೆ ಎದೆ ಧಸಕ್ಕೆಂದಿತು. ಪಕ್ಕದವನು, "ಫ್ಲಾಪಿ ಕೆಟ್ಟಿದ್ಯೋ ಏನೋ, ಏನಾದ್ರೂ ಸೇವ್ ಮಾಡಿ ನೋಡೋ" ಅಂದ. ಅದನ್ನೂ ಮಾಡಿದೆ. ಅಷ್ಟರಲ್ಲಿ ಲ್ಯಾಬ್ ಸರ್ ಓಡಿ ಬಂದರು. "ಕೈ ತೆಗಿ! ಇನ್ನು ಒಂದಕ್ಷರಾನೂ ಅದಕ್ಕೆ ಬರೀಬೇಡ."

ಅವರು ಅನ್‌ಡಿಲೀಟ್ ಅಂತ ಟೈಪ್ ಮಾಡಿದರು. ಪರದೆ ಮೇಲೆ ಹಾಡಿನ ಫೈಲಿನ ಹೆಸರು ಬಂತು, ಆದರೆ ಮೊದಲಿನ 'ಎಚ್' ಇರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ. ಮೊದಲಕ್ಷರ ಯಾವುದು ಹೇಳಿ ಅಂತ ಡಾಸ್ ನನ್ನನ್ನೇ ಕೇಳ್ತಿತ್ತು. ಎಚ್ ಒತ್ತಿದ್ವಿ, ಹಾಡು ಬಂತು. ಅಡುಗೆಯೂ ಬಂತು. ಹೆಸರುಗಳ ಫೈಲು ಬರಲಿಲ್ಲ.

ಬರೀ ಮೊದಲಕ್ಷರ ಮಾತ್ರ ಯಾಕೆ ಹೋಯ್ತು ಅನ್ನೋದಕ್ಕೆ ಉತ್ತರ ಹಳೆಯದು. ಪ್ರತಿ ಡಿಸ್ಕಿನಲ್ಲೂ ಒಂದು ಪಟ್ಟಿ ಇರುತ್ತೆ: ಫೈಲಿನ ಹೆಸರು, ಗಾತ್ರ, ಎಲ್ಲಿಂದ ಶುರು. ಇಡೀ ಫೈಲನ್ನ ಒರೆಸುತ್ತಾ ಕೂತರೆ ಆಗಿನ ನಿಧಾನದ ಫ್ಲಾಪಿಗಳಲ್ಲಿ ಸುಮ್ನೆ ಹೊತ್ತು ದಂಡ. ಅದಕ್ಕೇ ಡಾಸ್ ಪಟ್ಟಿಯಲ್ಲಿ ಹೆಸರಿನ ಮೊದಲಕ್ಷರದ ಮೇಲೆ ಒಂದು ಗುರುತು ಹಾಕಿ, ಆ ಜಾಗ ಖಾಲಿ ಅಂತ ಬರೆದುಕೊಂಡು ಮುಂದೆ ಹೋಗುತ್ತಿತ್ತು. ಒಳಗಿನ ಸಾಮಾನು ಇದ್ದಲ್ಲೇ ಇರುತ್ತಿತ್ತು. ಆ ಗುರುತು 229 ಅನ್ನೋ ಸಂಖ್ಯೆ. ಡಾಸ್‌ಗಿಂತ ಮುಂಚೆ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂನಿಂದ ಬಂದದ್ದು. ಆ ಕಾಲದ ಎಂಟು ಇಂಚಿನ ಹೊಸ ಫ್ಲಾಪಿಗಳು ಫ್ಯಾಕ್ಟರಿಯಿಂದ ಬರುವಾಗಲೇ ಇದೇ ಸಂಖ್ಯೆ ತುಂಬಿಕೊಂಡು ಬರುತ್ತಿದ್ದವು. ಹಾಗಾಗಿ 229 ಅಂದ್ರೆ 'ಇಲ್ಲಿ ಏನಿಲ್ಲ'.

ಏನಿಲ್ಲ ಅಂದ ಜಾಗದಲ್ಲಿ ಎಲ್ಲಾ ಇದೆ ಅನ್ನೋದನ್ನ ಸಾಮಾನ್ಯ ಜನರ ಕೈಗೆ ಕೊಟ್ಟವನು ಪೀಟರ್ ನಾರ್ಟನ್. ಐಬಿಎಂ ಪಿಸಿ ಬಂದದ್ದು 1981ರಲ್ಲಿ. ಪ್ರೋಗ್ರಾಮರ್ ಆಗಿದ್ದ ನಾರ್ಟನ್ ಕೂಡ ನನ್ನ ಹಾಗೇ ಒಂದು ಫೈಲನ್ನ ಕೈತಪ್ಪಿ ಅಳಿಸಿಬಿಟ್ಟ. ಮತ್ತೆ ಟೈಪ್ ಮಾಡೋ ಬದಲು ಡಿಸ್ಕಿನೊಳಗೆ ಹುಡುಕಿ ತೆಗೆಯೋ ಪ್ರೋಗ್ರಾಂ ಬರೆದ. 1982ರಲ್ಲಿ ಹೊರಬಂದ ನಾರ್ಟನ್ ಯುಟಿಲಿಟೀಸ್‌ನ ದೊಡ್ಡ ಆಕರ್ಷಣೆಯೇ ಈ 'ಅನ್‌ಇರೇಸ್'. ತೋಳು ಮಡಚಿ, ಕೈಕಟ್ಟಿ ನಿಂತ ಅವನ ಫೋಟೋ ಡಬ್ಬದ ಮೇಲೆ. 1990ರಲ್ಲಿ ಸಿಮ್ಯಾಂಟೆಕ್ ಅವನ ಕಂಪನಿ ಕೊಂಡಿತು. ಮರುವರ್ಷ ಮೈಕ್ರೋಸಾಫ್ಟ್ ಡಾಸ್ 5ರಲ್ಲೇ ಅನ್‌ಡಿಲೀಟ್ ಕೊಟ್ಟಿತು. ನನ್ನ ಹಾಡುಗಳು ಉಳಿದದ್ದು ಅದರಿಂದ.

ಇನ್ನೊಂದು ದಾರಿ ಆಪಲ್‌ನದು: ಅಳಿಸೋದನ್ನೇ ಮುಂದೂಡೋದು. 1983ರ ಲೀಸಾದಲ್ಲಿ, ಮರುವರ್ಷದ ಮ್ಯಾಕಿಂಟಾಷ್‌ನಲ್ಲಿ ಪರದೆ ಮೇಲೆ ಕಸದ ಬುಟ್ಟಿ ಬಂತು. ವಿಂಡೋಸ್‌ಗೆ ರಿಸೈಕಲ್ ಬಿನ್ ಬರೋಕೆ 1995 ಆಗಬೇಕಾಯ್ತು. ಆದರೂ ಒಂದು ಕೊಕ್ಕೆ ಉಳಿಯಿತು: ಫ್ಲಾಪಿಯಿಂದ, ಆಮೇಲೆ ಪೆನ್ ಡ್ರೈವಿನಿಂದ ಅಳಿಸಿದ್ದು ಆ ಬುಟ್ಟಿಗೆ ಬೀಳೋದೇ ಇಲ್ಲ. ಹೊಸಬರು ಇವತ್ತಿಗೂ ಎಡವೋದು ಅಲ್ಲೇ.

ಈಗ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ. ಅದರ ಚಿಪ್‌ಗೆ ಹೊಸದು ಬರೆಯಬೇಕಾದ್ರೆ ಮೊದಲು ಹಳೇದನ್ನ ನಿಜಕ್ಕೂ ಒರೆಸಲೇಬೇಕು. ಹಾಗಾಗಿ 2009ರ ವಿಂಡೋಸ್ 7 'ಟ್ರಿಮ್' ಅನ್ನೋ ಸೂಚನೆ ಕೊಡೋಕೆ ಶುರು ಮಾಡ್ತು: ಈ ಜಾಗ ಬೇಡ, ಬಿಡುವಾದಾಗ ಒರೆಸಿಕೋ ಅಂತ. ಡ್ರೈವ್ ಹಾಗೇ ಮಾಡುತ್ತೆ. ಬುಟ್ಟಿ ಖಾಲಿ ಮಾಡಿದ ಮೇಲೆ, ಎಷ್ಟೋ ಸಲ ಹುಡುಕೋಕೆ ಏನೂ ಉಳಿದಿರಲ್ಲ. ನಾರ್ಟನ್ ಕಂಡುಕೊಂಡ ಆ ಸಂದು ನಮ್ಮ ಕಣ್ಣೆದುರೇ ಮುಚ್ಚಿಕೊಳ್ತಿದೆ.

ನನ್ನ ಮೂರನೇ ಫೈಲಿನ ಕಥೆ ಸರಳ. ಪಕ್ಕದವನ ಮಾತು ಕೇಳಿ ಸೇವ್ ಮಾಡಿದೆನಲ್ಲ, ಆ ಹೊಸ ಫೈಲು ಪಟ್ಟಿಯಲ್ಲಿ ಮೊದಲು ಸಿಕ್ಕ ಖಾಲಿ ಸಾಲಿನಲ್ಲಿ ಕೂತಿತ್ತು. ಅದು ಅಜ್ಜಿಯ ತವರಿನ ಸಾಲು. ಮುಂದಿನ ಭಾನುವಾರ ಪುಸ್ತಕ ಹಿಡಿದು ಮತ್ತೆ ಕೂತೆ. "ಹೋದ ಸಲ ಹೇಳಿದ್ನಲ್ಲೋ ಮಗಾ" ಅಂತ ಶುರು ಮಾಡಿದ ಅಜ್ಜಿ ಮೂರು ತಲೆಮಾರು ಸರಾಗ ಹೇಳಿ, ನಾಲ್ಕನೆಯದರಲ್ಲಿ ನಿಂತಳು. "ಅವನ ಹೆಸರು... ಶೇ... ಶಂ... ತಡಿ, ಬರತ್ತೆ." ನಾನು ಒಂದೊಂದೇ ಅಕ್ಷರ ಹೇಳಿಕೊಡ್ತಾ ಹೋದೆ. ಬರಲಿಲ್ಲ.

ಆ ಪುಸ್ತಕ ಈಗಲೂ ಇದೆ. ನಾಲ್ಕನೇ ಸಾಲಿನಲ್ಲಿ ಖಾಲಿ ಜಾಗವೂ ಇದೆ. ಅದರ ಫೋಟೋಗಳನ್ನ ಮೂರು ಕಡೆ ಇಟ್ಟಿದ್ದೀನಿ. ನೀವೂ ಇವತ್ತು ಸಂಜೆ ಒಂದು ಕಾಪಿ ತೆಗೆದು ಬೇರೆ ಕಡೆ ಇಡಿ. ಆಮೇಲೆ ಅಜ್ಜಿ ಇದ್ದರೆ, ಅವರಿಗೊಂದು ಫೋನ್ ಮಾಡಿ.